ದೇಶಕ್ಕೊಂದೇ ಹೆಸರು

ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಗುಟ್ಟೇನೂ ಅಲ್ಲ. ಬರೆದರೆ ಮನೆಯ ವಿಳಾಸ ಕೊಟ್ಟ ಹಾಗಾಗುತ್ತದೆ, ಅಷ್ಟೇ. ಇಡೀ ನ್ಯೂಜಿಲೆಂಡಿನಲ್ಲಿ ಆ ಅಡ್ಡಹೆಸರಿನವರು, ಅಂದರೆ ಆ ಸರ್‌ನೇಮಿನವರು, ಒಬ್ಬರೇ ಇದ್ದರು. ಅವರು ವೆಲ್ಲಿಂಗ್ಟನ್ನಿನ ಒಂದು ಗುಡ್ಡದ ಮೇಲಿನ ಹಳೆಯ ಮರದ ಮನೆಯಲ್ಲಿದ್ದರು. ಆ ಮನೆಯ ಕೆಳಗಿನ ಅಂತಸ್ತಿನಲ್ಲಿ ನಾನೂ ನನ್ನ ಗಂಡನೂ ಬಾಡಿಗೆಗಿದ್ದೆವು.

ಅವರನ್ನು ನಾನು ಆಂಟಿ ಎನ್ನುತ್ತಿದ್ದೆ. ಮೊದಲ ಸಲ ಹಾಗೆ ಕರೆದಾಗ ಅವರು ಬಾಗಿಲಲ್ಲೇ ನಿಂತು, “ನಾನು ಯಾರಿಗೂ ಆಂಟಿ ಅಲ್ಲ. ನನಗೆ ಅಣ್ಣತಮ್ಮಂದಿರಿಲ್ಲ, ಅಕ್ಕತಂಗಿಯರಿಲ್ಲ, ಮದುವೆಯೂ ಆಗಿಲ್ಲ. ಆಂಟಿ ಆಗುವುದಕ್ಕೆ ಏನಾದರೂ ಆಧಾರ ಬೇಕಲ್ಲ?” ಎಂದರು. ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಕಲಿಸಿ ನಿವೃತ್ತರಾದವರು. ಎಲ್ಲದಕ್ಕೂ ಆಧಾರ ಕೇಳುವ ಚಾಳಿ ಇನ್ನೂ ಬಿಟ್ಟಿರಲಿಲ್ಲ. “ನಮ್ಮಲ್ಲಿ ಆಧಾರ ಬೇಕಿಲ್ಲ, ವಯಸ್ಸಾಗಿದ್ದರೆ ಸಾಕು” ಎಂದುಬಿಟ್ಟೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಜೋರಾಗಿ ನಕ್ಕರು. ಮಾರನೆಯ ದಿನ ಕೆಳಗಿಳಿದು ಬಂದು ನಮ್ಮ ಬಾಗಿಲು ತಟ್ಟಿ, “ಆಂಟಿ ಬಂದಿದ್ದೇನೆ” ಎಂದು ತಾವೇ ಹೇಳಿಕೊಂಡರು.

ನಾನು ಗದಗ ಕಡೆಯವಳು. ಓದಲೆಂದು ಇಲ್ಲಿಗೆ ಬಂದು, ರಸ್ತೆಯಡಿಯ ನೀರಿನ ಪೈಪುಗಳ ನಕ್ಷೆ ಮಾಡುವ ಕೆಲಸ ಹಿಡಿದು ಇಲ್ಲೇ ಉಳಿದವಳು. ಗಂಡ ಮೈಸೂರಿನವನು, ಸೇತುವೆಗಳ ಇಂಜಿನಿಯರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅವನಲ್ಲಿ ದೀಪ ಹಿಡಿದು ಹುಡುಕಿದರೂ ಸಿಗುವುದಿಲ್ಲ. ಆ ಮನೆಗೆ ಬಂದ ಮೊದಲ ವಾರವೇ ಗಾಳಿ ಅವನ ಪಂಚೆಯನ್ನು ಹಗ್ಗದಿಂದ ಕಿತ್ತು ಪಕ್ಕದ ಮನೆಯ ಮರದ ತುದಿಗೆ ಸಿಕ್ಕಿಸಿತು. ಅವನು ಮರದ ಕೆಳಗೆ ನಿಂತು ಯೋಚನೆ ಮಾಡುತ್ತಿದ್ದರೆ, ಆಂಟಿ ಮೇಲಿನ ಕಿಟಕಿಯಿಂದ ಉದ್ದನೆಯ ಕೋಲು ಚಾಚಿ ಪಂಚೆಯನ್ನು ಎಳೆದುಕೊಂಡು, “ಇದು ಯಾವ ದೇಶದ ಬಾವುಟ?” ಎಂದು ಕೇಳಿದರು. ನಮ್ಮ ಸ್ನೇಹ ಶುರುವಾದದ್ದು ಹೀಗೆ.

ಹೆಸರಿನ ಮಾತು ಬಂದದ್ದು ಟಪಾಲು ಡಬ್ಬಿಯ ದೆಸೆಯಿಂದ. ಗಂಡ ಹೆಂಡತಿಯ ಕೊನೆಯ ಹೆಸರು ಬೇರೆ ಬೇರೆ ಇದ್ದದ್ದು ಅವರ ಕಣ್ಣಿಗೆ ಬಿತ್ತು. ಯಾಕೆ ಎಂದು ಕೇಳಿದರು. ನಾನು ಉತ್ಸಾಹದಿಂದ ನಮ್ಮ ಉತ್ತರ ಕರ್ನಾಟಕದ ಅಡ್ಡಹೆಸರುಗಳ ಪುರಾಣ ತೆಗೆದೆ. ನಮ್ಮ ಓಣಿಯಲ್ಲಿ ನಡೆದರೆ ಕಿರಾಣಿ ಅಂಗಡಿಯಲ್ಲಿ ನಡೆದ ಹಾಗೆ. ಮೆಣಸಿನಕಾಯಿಯವರ ಪಕ್ಕದಲ್ಲಿ ಬೆಲ್ಲದವರು, ಅವರ ಎದುರಿಗೆ ಉಳ್ಳಾಗಡ್ಡಿಯವರು. ಯಾವ ಕಾಲದಲ್ಲೋ ಮುತ್ತಜ್ಜ ಏನು ಮಾರುತ್ತಿದ್ದನೋ ಅದೇ ಇಂದಿಗೂ ಮನೆತನದ ಹೆಸರು. ನಮ್ಮದೂ ಅಡುಗೆಮನೆಯ ಒಂದು ಸಾಮಾನೇ. ಯಾವುದೆಂದು ಬರೆದರೆ ನನ್ನ ತಮ್ಮ ಸಿಟ್ಟಾಗುತ್ತಾನೆ. ಅದರಿಂದ ಶಾಲೆಯಲ್ಲಿ ಅವನು ಪಟ್ಟ ಪಾಡು ಸಾಕು.

ನನ್ನ ಗಂಡನದು ಇನ್ನೊಂದು ಕಥೆ. ಮೈಸೂರಿನವರಿಗೆ ಒಂದು ಇನಿಷಿಯಲ್ ಇದ್ದರೆ ಜೀವನ ಸಾಗುತ್ತದೆ. ಪಾಸ್‌ಪೋರ್ಟಿಗೆ ಮಾತ್ರ ಅಷ್ಟು ಸಾಲಲಿಲ್ಲ. ಕೊನೆಗೆ ಅವನ ಅಪ್ಪನ ಹೆಸರೇ ಸರ್‌ನೇಮಿನ ಜಾಗದಲ್ಲಿ ಹೋಗಿ ಕೂತಿತು. ಈಗ ವೆಲ್ಲಿಂಗ್ಟನ್ನಿನ ಆಫೀಸಿನಲ್ಲಿ ಎಲ್ಲರೂ ದಿನವಿಡೀ ಕೂಗುವುದು ನಮ್ಮ ಮಾವನ ಹೆಸರನ್ನು. ಅಲ್ಲಿ ಮೈಸೂರಿನಲ್ಲಿ ಅವರಿಗೆ ಬಿಕ್ಕಳಿಕೆ ಬಂದಾಗಲೆಲ್ಲ, “ಸೇತುವೆ ಆಫೀಸಿನೋರು ನೆನೆಸ್ಕೊಂಡ್ರು” ಎಂದು ನಗುತ್ತಾರೆ.

ಆಂಟಿ ಇದನ್ನು ಕೇಳಿ ಕಣ್ಣರಳಿಸಿದರು. “ನಿನ್ನ ಗಂಡನದೇ ಹಳೆಯ ಪದ್ಧತಿ. ನಾವು ಯಹೂದಿಗಳೂ ಹಾಗೇ ಇದ್ದೆವು. ಇಂಥವನು, ಇಂಥವನ ಮಗ, ಅಷ್ಟೇ. ಆಮೇಲೆ ಚಕ್ರವರ್ತಿಗೆ ತೆರಿಗೆ ಬೇಕಾಯಿತು, ಸೈನ್ಯಕ್ಕೆ ಹುಡುಗರು ಬೇಕಾದರು. ಎಲ್ಲರೂ ಒಂದೊಂದು ಅಡ್ಡಹೆಸರು ಇಟ್ಟುಕೊಳ್ಳಿ ಎಂದು ಆಜ್ಞೆಯಾಯಿತು. ಆಗ ನಿನ್ನ ಓಣಿಯ ಹಾಗೇ ಆಯಿತು. ಮೆಣಸು ಮಾರುವವನು ಮೆಣಸು, ಉಪ್ಪು ಮಾರುವವನು ಉಪ್ಪು.”

“ನಿಮ್ಮದು?” ಎಂದೆ.

ಅವರು ಬಟಾಣಿ ಸುಲಿಯುತ್ತಿದ್ದರು. ಸುಲಿಯುತ್ತಲೇ ಹೇಳಿದರು. ಯುರೋಪಿನ ನಡುವೆ ಒಂದು ಸಣ್ಣ ಪೇಟೆ. ಅಲ್ಲಿನ ಸಂತೆಯಲ್ಲಿ ಬಾತುಕೋಳಿಯ ಗರಿ ತುಂಬಿದ ಹಾಸಿಗೆ ಮಾರುವ ಒಬ್ಬ ಹೆಂಗಸು. ಗಂಡ ಸತ್ತಿದ್ದ, ಗಂಡುಮಕ್ಕಳಿನ್ನೂ ಚಿಕ್ಕವರು. ಚಕ್ರವರ್ತಿಯ ಗುಮಾಸ್ತ ಸಂತೆಯ ನಡುವೆ ಮೇಜು ಹಾಕಿಕೊಂಡು ಕೂತು, ನಿಮ್ಮ ಹೆಸರೇನು ಎಂದು ಕೇಳಿದಾಗ ಮಕ್ಕಳಿಗೆ ಗೊತ್ತಿದ್ದದ್ದು ಒಂದೇ ಉತ್ತರ. ಊರೆಲ್ಲ ಅವರನ್ನು ಕರೆಯುತ್ತಿದ್ದದ್ದೇ ತಾಯಿಯ ಹೆಸರು ಹಿಡಿದು, ಇಂಥವಳ ಮಕ್ಕಳು ಎಂದು. ಗುಮಾಸ್ತ ಅದನ್ನೇ ಬರೆದುಕೊಂಡ. “ನನ್ನ ತಂದೆ ಹೇಳುತ್ತಿದ್ದ ಕಥೆ ಇದು. ಅರ್ಧ ಸುಳ್ಳಿರಬಹುದು. ಆದರೆ ಹೆಸರಿನ ಒಳಗೆ ಒಬ್ಬ ಹೆಂಗಸು ಇರುವುದಂತೂ ನಿಜ” ಎಂದರು.

ಬೇರೆ ಹೆಸರುಗಳು ಊರೂರಿಗೆ ಹುಟ್ಟಿಕೊಂಡವು. ಎಲ್ಲ ಊರಿನಲ್ಲೂ ಉಪ್ಪು ಮಾರುವವರಿದ್ದರಲ್ಲ. ಈ ಹೆಸರು ಮಾತ್ರ ಆ ಒಬ್ಬಳ ಮಕ್ಕಳು ಮೊಮ್ಮಕ್ಕಳಿಗೆ. ಎರಡನೆಯ ಮಹಾಯುದ್ಧ ಶುರುವಾಗುವ ಸ್ವಲ್ಪ ಮುಂಚೆ ಆಂಟಿಯ ತಂದೆ ತಾಯಿ ಕೈಗೂಸಾಗಿದ್ದ ಅವರನ್ನು ಎತ್ತಿಕೊಂಡು ಹಡಗು ಹತ್ತಿದರು. ಪೇಟೆಯಲ್ಲಿ ಉಳಿದ ಆ ಹೆಸರಿನವರು ಒಬ್ಬರೂ ಬದುಕಲಿಲ್ಲ. ಇದನ್ನು ಆಂಟಿ ಒಂದೇ ವಾಕ್ಯದಲ್ಲಿ ಹೇಳಿ, ಬಟಾಣಿಯ ಬೋಗುಣಿಯನ್ನು ನನ್ನ ಕಡೆ ತಳ್ಳಿ, “ನೀನೂ ಸ್ವಲ್ಪ ಸುಲಿ” ಎಂದರು.

ಪ್ರಾಯದಲ್ಲಿ ಅವರು ತುಂಬ ತಿರುಗಾಡಿದವರು. ಬೇರೆಯವರು ಹೊಸ ಊರಿಗೆ ಹೋದರೆ ಮ್ಯೂಸಿಯಂ ನೋಡುತ್ತಾರೆ. ಇವರು ಹೋಟೆಲಿನ ಕೋಣೆಯ ಡ್ರಾ ಎಳೆದು ಟೆಲಿಫೋನ್ ಡೈರೆಕ್ಟರಿ ನೋಡುತ್ತಿದ್ದರಂತೆ. ಜೀವಮಾನದಲ್ಲಿ ಒಂದೇ ಸಲ, ಆಸ್ಟ್ರೇಲಿಯಾದ ಒಂದು ಊರಿನಲ್ಲಿ, ತಮ್ಮ ಹೆಸರು ಕಂಡಿತು. ಕೂಡಲೇ ಫೋನ್ ಮಾಡಿದರು. ಎತ್ತಿದವಳು ಒಬ್ಬ ಹೆಂಗಸು. ಆ ಹೆಸರು ಅವಳ ಗಂಡನದು. ಹಿಂದಿನ ವರ್ಷ ತೀರಿಹೋಗಿದ್ದ. ಮಕ್ಕಳಿರಲಿಲ್ಲ. ಇಬ್ಬರೂ ಬಹಳ ಹೊತ್ತು ಮಾತಾಡಿ, ಬಹಳ ಹೊತ್ತು ಅತ್ತರಂತೆ. ಆಮೇಲೆ ಆಂಟಿ ಡೈರೆಕ್ಟರಿ ತೆರೆಯುವುದನ್ನು ಬಿಟ್ಟರು.

ನಮ್ಮ ಬಡಾವಣೆಯ ಕ್ಲಿನಿಕ್ಕಿನಲ್ಲಿ ಯಾರೇ ಫೋನ್ ಮಾಡಿದರೂ ಹೆಸರಿನ ಜೊತೆ ಹುಟ್ಟಿದ ತಾರೀಕು ಕೇಳುತ್ತಾರೆ. ಒಂದೇ ಹೆಸರಿನವರು ಬಹಳ ಜನ ಇರುತ್ತಾರಲ್ಲ. ಆಂಟಿಯನ್ನು ಕೇಳುತ್ತಿರಲಿಲ್ಲ. “ನನ್ನ ಹೆಸರಿಗೆ ತಾರೀಕು ಬೇಕಿಲ್ಲ, ದೇಶಕ್ಕೊಂದೇ” ಎಂದು ಅವರು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದರು. ಆ ಹೆಮ್ಮೆಯ ಹಿಂದೆ ಏನಿದೆ ಎಂದು ನನಗೆ ಗೊತ್ತಿತ್ತು. ನಮ್ಮ ಓಣಿಯಲ್ಲಿ ನನ್ನ ಅಡ್ಡಹೆಸರು ಕೂಗಿದರೆ ಹತ್ತು ಬಾಗಿಲು ತೆರೆಯುತ್ತವೆ. ಅವರಿಗೆ ಇಡೀ ಭೂಮಿಯ ಮೇಲೆ ಇನ್ನೊಂದು ಬಾಗಿಲು ಇರಲಿಲ್ಲ.

ನಾನು ಬಸುರಿಯಾದಾಗ ಐದನೆಯ ತಿಂಗಳಲ್ಲಿ ರಕ್ತ ಕಾಣಿಸಿಕೊಂಡಿತು. ಮಗು ಉಳಿಯುತ್ತದೋ ಇಲ್ಲವೋ ಎನ್ನುವ ಸ್ಥಿತಿ. ಡಾಕ್ಟರು ಕೆಲಸಕ್ಕೆ ರಜೆ ಹಾಕು, ಮೆಟ್ಟಿಲು ಹತ್ತಬೇಡ, ಭಾರ ಎತ್ತಬೇಡ ಎಂದರು. ಅವ್ವನಿಗೆ ಆಗಷ್ಟೇ ಮಂಡಿಯ ಆಪರೇಶನ್ ಆಗಿತ್ತು, ಬರುವ ಹಾಗಿರಲಿಲ್ಲ. ಗಂಡ ಬೆಳಿಗ್ಗೆ ಟ್ರೈನು ಹಿಡಿದು ಹೋದರೆ ಬರುವುದು ಸಂಜೆಗೆ. ನಡುವಿನ ಅಷ್ಟುದ್ದದ ಹಗಲನ್ನು ದಾಟಿಸಿದವರು ಆಂಟಿ. ಎಂಬತ್ತು ದಾಟಿದ ಜೀವ, ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯಲ್ಲಿ ಮುಚ್ಚಿದ ಬೋಗುಣಿ ಹಿಡಿದು, ಅಡ್ಡಡ್ಡಕ್ಕೆ ಹೆಜ್ಜೆಯಿಡುತ್ತಾ ಹೊರಗಿನ ಮೆಟ್ಟಿಲು ಇಳಿದು ಬರುತ್ತಿದ್ದರು. ಗಾಳಿ ಅವರ ಸ್ಕಾರ್ಫನ್ನು ಎಳೆದಾಡುತ್ತಿತ್ತು. ಕಿಟಕಿಯಿಂದ ನೋಡುವಾಗ ನನ್ನ ಜೀವ ಬಾಯಿಗೆ ಬರುತ್ತಿತ್ತು.

ಅವರ ಮನೆತನದ ಔಷಧಿ ಎಂದರೆ ಕೋಳಿಯ ಸೂಪು. ನಾನು ತಿನ್ನುವುದಿಲ್ಲ ಎಂದಾಗ ಅದನ್ನು ಕೆಮಿಸ್ಟ್ರಿಯ ಲೆಕ್ಕದ ಹಾಗೆ ತೆಗೆದುಕೊಂಡರು. ಕೋಳಿಯಿಲ್ಲದೆ ಕೋಳಿಸೂಪಿನ ಗುಣ ಬರಬೇಕು. ಈರುಳ್ಳಿ ಸುಟ್ಟರು, ಗಜ್ಜರಿ ಹುರಿದರು, ಅಣಬೆ ಕುದಿಸಿದರು. ಮೊಟ್ಟೆಯಿಲ್ಲದ ಹಿಟ್ಟಿನ ಉಂಡೆಗಳು ಸೂಪಿನಲ್ಲಿ ಕರಗಿ ಗಂಜಿಯಾದವು. “ಪ್ರಯೋಗ ವಿಫಲ, ಆದರೂ ಕುಡಿ” ಎಂದರು. ಕುಡಿದೆ. ಎಷ್ಟು ದಿನ ಕುಡಿದೆನೋ ಲೆಕ್ಕವಿಲ್ಲ. ಆ ಸೂಪಿನ ಋಣ ಈ ಜನ್ಮದಲ್ಲಿ ತೀರುವಂಥದ್ದಲ್ಲ.

ಏಳನೆಯ ತಿಂಗಳಿಗೆ ಡಾಕ್ಟರು ಇನ್ನು ಪರವಾಗಿಲ್ಲ ಎಂದರು. ಇಲ್ಲಿನ ಕನ್ನಡದ ಗೆಳತಿಯರು ಸೇರಿ ಒಂದು ಹಾಲ್ ಹಿಡಿದರು. ಮೈಸೂರಿನವರು ಸೀಮಂತ ಎಂದರು, ನಾನು ಕುಬಸ ಎಂದೆ. ಹಸಿರು ಸೀರೆ, ಹಸಿರು ಬಳೆ, ಬಗೆಬಗೆಯ ಬುತ್ತಿ, ಹಾಡು, ಎಲ್ಲ ಆಯಿತು. ಆಂಟಿಯೂ ಬಂದರು. ನಮ್ಮ ಮನೆಗೆ ಬರುವಾಗ ಒಂದು ದಿನವೂ ಬರಿಗೈಯಲ್ಲಿ ಬಾರದವರು ಅಂದು ಬರಿಗೈಯಲ್ಲಿ ಬಂದು ಕೊನೆಯ ಸಾಲಿನ ಕುರ್ಚಿಯ ತುದಿಯಲ್ಲಿ ಕೂತರು. ಉಡುಗೊರೆಗಳ ರಾಶಿಯ ಕಡೆ ನೋಡದೆ ನೆಲ ನೋಡುತ್ತಿದ್ದರು. ನಾನು ಗಮನಿಸಿದೆ, ಆದರೆ ಸಂಭ್ರಮದಲ್ಲಿ ಅದರ ಕಡೆ ಮನಸ್ಸು ಹೋಗಲಿಲ್ಲ.

ನನ್ನ ತಲೆಯಲ್ಲಿ ಬೇರೆಯೇ ಇತ್ತು. ನಮ್ಮ ಮನೆಯಲ್ಲಿ ಹಿರಿಯರಿಗೆ ಕೊಡುವ ದೊಡ್ಡ ಗೌರವ ಎಂದರೆ ಅವರಿರುವಾಗಲೇ ಮೊಮ್ಮಗುವಿಗೆ ಅವರ ಹೆಸರಿಡುವುದು. ನನ್ನ ತಮ್ಮನಿಗೆ ಅಜ್ಜನ ಹೆಸರು. ಅಜ್ಜ ಕಟ್ಟೆಯ ಮೇಲೆ ಕೂತಿರುವಾಗ ಅವ್ವ ತಮ್ಮನನ್ನು ಹೆಸರು ಹಿಡಿದು ಬೈಯುವ ಹಾಗಿರಲಿಲ್ಲ. ಬೈದರೆ ಅಜ್ಜ, “ಯಾರಿಗಂದಿ?” ಎಂದು ಒಳಗೆ ಬರುತ್ತಿದ್ದ. ನಾವೆಲ್ಲ ಅದನ್ನು ನೋಡಿ ಬಿದ್ದು ಬಿದ್ದು ನಗುತ್ತಿದ್ದೆವು. ಹಾಗಾಗಿ ನನಗೂ ಗಂಡನಿಗೂ ಅದು ಸಹಜವಾಗಿಯೇ ಹೊಳೆಯಿತು. ಇಲ್ಲಿ ಮಕ್ಕಳಿಗೆ ನಡುವೆ ಒಂದು ಹೆಸರಿಡುತ್ತಾರೆ, ಅದು ಯಾರದಾದರೂ ಅಡ್ಡಹೆಸರಾಗಿದ್ದರೂ ನಡೆಯುತ್ತದೆ. ಆರತಿಯಾದ ಮೇಲೆ ನಾನು ಮೈಕು ತೆಗೆದುಕೊಂಡು, ಮಗುವಿನ ನಡುವಿನ ಹೆಸರು ಆಂಟಿಯ ಅಡ್ಡಹೆಸರೇ ಎಂದು ಎಲ್ಲರೆದುರು ಹೇಳಿದೆ. ಆ ಹೆಸರು ಮುಗಿದುಹೋಗಲು ನಾವು ಬಿಡುವುದಿಲ್ಲ ಎಂದೂ ಸೇರಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಆಂಟಿ ಎದ್ದು ನಿಂತರು. ಮುಖ ಬಿಳಿಚಿಕೊಂಡಿತ್ತು. “ಬೇಡ” ಎಂದರು, ಒಂದೇ ಮಾತು. ಕೋಟು ತೆಗೆದುಕೊಂಡು ಹೊರಟುಬಿಟ್ಟರು. ಗೆಳತಿಯೊಬ್ಬಳು ಹಿಂದೆ ಓಡಿ ಅವರನ್ನು ಕಾರಿನಲ್ಲಿ ಮನೆಗೆ ಬಿಟ್ಟು ಬಂದಳು.

ನನ್ನ ಸಿಟ್ಟು ನೆತ್ತಿಗೇರಿತು. ಮನೆಗೆ ಬಂದ ಮೇಲೆ ಗಂಡ, “ಅವ್ರಿಗೆ ಹುಷಾರಿಲ್ವೇನೋ. ನಾಳೆ ಕೇಳೋಣ, ಬಿಡು” ಎಂದ.

“ಕೇಳೂದು ಏನೈತಿ?” ಎಂದು ಅವನ ಮೇಲೇ ಹರಿಹಾಯ್ದೆ. “ಅವರ ಹೆಸರು ಬಂಗಾರದ್ದು. ನಮ್ಮ ಮೈಗೆ ಹತ್ತಿದ್ರ ಮಾಸತೈತಿ, ಅದಕ್ಕ ಎದ್ದು ಹೋದ್ರು.”

ನನಗೆ ನಿಜವಾಗಿಯೂ ಹಾಗೇ ಅನ್ನಿಸಿತ್ತು. ಇಷ್ಟು ವರ್ಷ ಇಲ್ಲಿದ್ದರೂ ಒಳಗೆಲ್ಲೋ ಆ ಭಯ ಇದ್ದೇ ಇರುತ್ತದೆ. ಒಂದು ಮಟ್ಟದವರೆಗೆ ಬಾ ಎನ್ನುತ್ತಾರೆ, ಅದರಾಚೆ ಬಾಗಿಲು ಹಾಕುತ್ತಾರೆ ಎಂಬ ಭಯ. ಅವ್ವನಿಗೆ ವೀಡಿಯೋ ಕಾಲ್ ಮಾಡಿ ಎಲ್ಲ ಹೇಳಿಕೊಂಡು ಅತ್ತೆ. ಅವ್ವ ನನ್ನ ಪರ ವಹಿಸುತ್ತಾಳೆ ಎಂದುಕೊಂಡಿದ್ದೆ.

“ಅಲ್ಲಬೇ, ನಾ ಇಲ್ಲದಾಗ ನಿನಗ ಸಾರು ಮಾಡಿ ಹಾಕಿದಾಕಿ ಆಕಿ” ಎಂದಳು ಅವ್ವ. “ಯಾಕ ಬ್ಯಾಡ ಅಂದ್ರಿ ಅಂತ ಒಂದು ಮಾತು ಕೇಳಿದಿಯೇನು? ಇಲ್ಲ. ನೀನ ಕೇಸು ಹಾಕಿದಿ, ನೀನ ಜಡ್ಜ ಆದಿ. ಸುಮ್ಮನ ಹೋಗಿ ಆಕಿ ಮುಂದ ಕುಂದ್ರು. ಆಕೀನ ಹೇಳ್ತಾಳ.”

ನಾನು ಹೋಗುವುದಕ್ಕೆ ಮುಂಚೆ ಅವರೇ ಬಂದರು. ಮರುದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ಅದೇ ಅಡ್ಡ ಹೆಜ್ಜೆಯ ಸದ್ದು. ಬೋಗುಣಿಯನ್ನು ಮೇಜಿನ ಮೇಲಿಟ್ಟು, ನನ್ನೆದುರು ಕೂತು, ಉಸಿರು ಸುಧಾರಿಸಿಕೊಂಡರು.

“ನಮ್ಮಲ್ಲಿ ಹುಟ್ಟುವುದಕ್ಕೆ ಮುಂಚೆ ಮಗುವಿಗೆ ಒಂದು ಕಾಲುಚೀಲ ಕೂಡ ತರುವುದಿಲ್ಲ” ಎಂದರು. “ಸಂತೋಷವನ್ನು ಮೊದಲೇ ಜೋರಾಗಿ ಹೇಳಬಾರದು ಎನ್ನುತ್ತಾರೆ. ಅದಕ್ಕೇ ಬರಿಗೈಯಲ್ಲಿ ಬಂದೆ. ಆ ಉಡುಗೊರೆಗಳನ್ನು ನೋಡಿಯೇ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಅದರ ಮೇಲೆ ನೀನು ಮೈಕು ಹಿಡಿದುಕೊಂಡೆ.”

ನಾನು ಬೋಗುಣಿಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದೆ.

“ಬದುಕಿರುವವರ ಹೆಸರನ್ನು ನಾವು ಮಗುವಿಗೆ ಇಡುವುದಿಲ್ಲ. ಸಾವಿನ ದೂತ ಹೆಸರು ಹಿಡಿದು ಹುಡುಕುತ್ತಾ ಬರುತ್ತಾನಂತೆ. ಒಂದೇ ಮನೆಯಲ್ಲಿ ಒಂದೇ ಹೆಸರಿನವರು ಇಬ್ಬರಿದ್ದರೆ ಅವನಿಗೆ ಗೊಂದಲ. ದೊಡ್ಡವರನ್ನು ಕರೆದೊಯ್ಯಲು ಬಂದವನು…” ಎಂದು ಅಲ್ಲಿಗೇ ನಿಲ್ಲಿಸಿದರು.

ನನ್ನ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. “ಅದು ಮೊದಲ ಹೆಸರಿನ ಮಾತಲ್ಲವೇ? ನಾನು ಇಡಬೇಕೆಂದದ್ದು ಅಡ್ಡಹೆಸರು. ಅಡ್ಡಹೆಸರು ಅಪ್ಪನಿಗೂ ಮಗನಿಗೂ ಒಂದೇ ಇರುವುದಿಲ್ಲವೇ?” ಎಂದು ವಾದಕ್ಕಿಳಿದೆ.

“ಬೇರೆಯವರ ಮನೆಯಲ್ಲಾದರೆ ನೀನು ಹೇಳಿದ್ದು ಸರಿ. ಒಂದು ಅಡ್ಡಹೆಸರಿಗೆ ಸಾವಿರ ಜನ ಇರುತ್ತಾರೆ, ದೂತ ಮೊದಲ ಹೆಸರನ್ನು ಕೇಳಲೇಬೇಕು. ನಮ್ಮದಕ್ಕೆ ಅವನು ಏನು ಕೇಳುತ್ತಾನೆ? ಕ್ಲಿನಿಕ್ಕಿನ ಹುಡುಗಿಯೇ ಏನೂ ಕೇಳುವುದಿಲ್ಲ. ದೇಶಕ್ಕೊಂದೇ ಎಂದು ಅವನಿಗೂ ಗೊತ್ತಿರುತ್ತದೆ. ಈ ಮುದುಕಿಗಾಗಿ ಬಂದವನು, ಅಷ್ಟು ಮೆಟ್ಟಿಲು ಯಾರು ಹತ್ತುತ್ತಾರೆ ಎಂದು ಕೆಳಗಿನ ಬಾಗಿಲನ್ನೇ ತಟ್ಟಿಬಿಟ್ಟರೆ?”

ನನ್ನ ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು.

“ನೀವು ಇದನ್ನೆಲ್ಲ ನಂಬುತ್ತೀರಾ ಆಂಟಿ?”

“ನಾನು ಕೆಮಿಸ್ಟ್ರಿ ಟೀಚರು. ನಂಬುವುದಿಲ್ಲ. ಆದರೆ ನಿನ್ನ ಮಗುವನ್ನು ಇಟ್ಟುಕೊಂಡು ಪ್ರಯೋಗ ಮಾಡುವುದಿಲ್ಲ.” ಸ್ಕಾರ್ಫು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿ ಮತ್ತೆ ಹೇಳಿದರು. “ನೀನು ಆ ಮಾತು ಹೇಳಿದಾಗ ನನಗೆ ಎಷ್ಟು ಆಸೆಯಾಯಿತು ಗೊತ್ತೇ? ಅಲ್ಲೇ ಕೂತಿದ್ದರೆ ಹೂಂ ಎಂದುಬಿಡುತ್ತಿದ್ದೆ. ಅದಕ್ಕೇ ಎದ್ದು ಬಂದೆ.”

ನಾನು ಅವರ ಮಡಿಲಲ್ಲಿ ತಲೆಯಿಟ್ಟು ಅತ್ತೆ. ಅವರು ನನ್ನ ತಲೆ ಸವರುತ್ತಾ, “ಸೂಪು ತಣ್ಣಗಾಗುತ್ತಿದೆ” ಎಂದರು.

ಮಗಳು ಹುಟ್ಟಿದಳು. ಅವಳಿಗೆ ನಮ್ಮಿಷ್ಟದ ಒಂದು ಮೊದಲ ಹೆಸರು, ಅಡ್ಡಹೆಸರಿನ ಜಾಗದಲ್ಲಿ ನಮ್ಮ ಮಾವನ ಹೆಸರು ಇಟ್ಟೆವು. ನನ್ನ ಅಡುಗೆಮನೆಯ ಸಾಮಾನು ಕೊನೆಗೂ ಸೋತಿತು; ಅವ್ವ ಒಂದು ವಾರ ಮುನಿಸಿಕೊಂಡಿದ್ದಳು. ನಡುವೆ ಏನೂ ಇಡಲಿಲ್ಲ. “ಅಲ್ಲಿ ಖಾಲಿ ಬಿಟ್ಟಿದ್ದೇವೆ ಆಂಟಿ” ಎಂದೆ. ಅವರು ಕೇಳಿಸಿಕೊಂಡು ಮಗುವಿನ ಹೊದಿಕೆ ಸರಿಮಾಡಿದರು. ಆಸ್ಪತ್ರೆಯಿಂದ ಮಗುವನ್ನು ಮನೆಗೆ ತಂದ ದಿನ ಪಕ್ಕದ ಮನೆಯವರು ಎರಡು ದೊಡ್ಡ ಚೀಲ ತಂದು ನಮ್ಮ ಬಾಗಿಲಲ್ಲಿಟ್ಟರು. ಒಳಗೆ ಆಂಟಿ ಹೆಣೆದ ಟೋಪಿ, ಕಾಲುಚೀಲ, ಸ್ವೆಟರು, ಹೊದಿಕೆ. ನನಗೆ ರಕ್ತ ಕಾಣಿಸಿಕೊಂಡ ದಿನದಿಂದಲೇ ಹೆಣೆಯಲು ಶುರುಮಾಡಿದ್ದರಂತೆ. ಹುಟ್ಟುವ ಮುಂಚೆ ಆ ಮನೆಯ ಸೂರಿನಡಿ ಇರಬಾರದೆಂದು ಒಂದೊಂದನ್ನೂ ಮುಗಿದ ಕೂಡಲೇ ಪಕ್ಕದ ಮನೆಗೆ ಸಾಗಿಸುತ್ತಿದ್ದರಂತೆ. ಬರಿಗೈಯಲ್ಲಿ ಬಂದರು ಎಂದು ಯೋಚಿಸಿದವಳು ನಾನು. ಆ ಪುಟ್ಟ ಕಾಲುಚೀಲಗಳನ್ನು ಕೆನ್ನೆಗೆ ಒತ್ತಿಕೊಂಡು ನಿಂತುಬಿಟ್ಟೆ.

ಆಮೇಲಿನ ವರ್ಷಗಳು ನಮಗೆ ಸಿಕ್ಕ ವರ. ಬೇರೆ ಮಾತು ನನಗೆ ತೋಚುವುದಿಲ್ಲ. ಮಗಳಿಗೆ ಅಜ್ಜಿಯಂದಿರು ಫೋನಿನಲ್ಲಿದ್ದರು. ಕೈಗೆ ಸಿಗುತ್ತಿದ್ದವರು ಆಂಟಿ. ಅಜ್ಜಿಗಿಂತ ವಯಸ್ಸಾದವರನ್ನು ಅವಳೂ ಆಂಟಿ ಎಂದೇ ಕರೆದಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಆಂಟಿ ಮಾತ್ರ ಅವಳಿಗೆ ಕನ್ನಡದಲ್ಲೇ “ಬಾ ಇಲ್ಲಿ”, “ಸಾಕು ಸಾಕು” ಎನ್ನುತ್ತಿದ್ದರು. ಶುಕ್ರವಾರ ಸಂಜೆ ಮೇಲಿನ ಮನೆಯಲ್ಲಿ ಆಂಟಿ ತಮ್ಮ ಪದ್ಧತಿಯಂತೆ ಎರಡು ಮೇಣದಬತ್ತಿ ಹಚ್ಚುವಾಗ ಮಗಳು ಅವರ ಪಕ್ಕ ನಿಂತು ಅವರ ಹಾಗೇ ಕೈಯಿಂದ ಕಣ್ಣು ಮುಚ್ಚಿಕೊಂಡು, ಬೆರಳ ಸಂದಿಯಿಂದ ಇಣುಕಿ ನೋಡುತ್ತಿದ್ದಳು. ಆಮೇಲೆ ಕೆಳಗೆ ಓಡಿ ಬಂದು ನಮ್ಮ ದೇವರ ದೀಪಕ್ಕೂ ಹಾಗೇ ಕಣ್ಣು ಮುಚ್ಚುತ್ತಿದ್ದಳು. ನಾನು ತಡೆಯಲಿಲ್ಲ.

ಮಗಳಿಗೆ ಮೂರು ತುಂಬಿ ಸ್ವಲ್ಪ ದಿನಕ್ಕೆ ಆಂಟಿ ಆಸ್ಪತ್ರೆ ಸೇರಿದರು. ಹೃದಯ ದಣಿದಿತ್ತು. ಒಂದು ಬೆಳಿಗ್ಗೆ ನಾನೊಬ್ಬಳೇ ಅವರ ಬಳಿ ಕೂತಿದ್ದೆ. ಕಿಟಕಿಯ ಗಾಜಿಗೆ ಗಾಳಿ ಅಪ್ಪಳಿಸುತ್ತಿತ್ತು. ಅವರು ಕಣ್ಣು ತೆರೆದು, “ಆ ಜಾಗ ಇನ್ನೂ ಖಾಲಿ ಇದೆಯೇ?” ಎಂದು ಕೇಳಿದರು.

“ಇದೆ ಆಂಟಿ.”

“ಬೇರೆ ಯಾರಿಗೂ ಕೊಡಬೇಡ.”

ಅವರ ಕೈ ಹಿಡಿದುಕೊಂಡೆ. ಹೂಂ ಎಂದೆ.

“ಈಗಲೇ ಅಲ್ಲ. ನಾನು ಪೂರ್ತಿ ಮುಗಿದ ಮೇಲೆ” ಎಂದು ಬೆರಳೆತ್ತಿ ಎಚ್ಚರಿಸಿದರು. “ಆ ಹೆಸರಿಟ್ಟುಕೊಂಡರೆ ಅವಳು ಯಹೂದಿ ಆಗುವುದಿಲ್ಲ, ತಿಳಿಯಿತೇ? ಉತ್ತರ ಹೇಳುವವಳು ಆಗುತ್ತಾಳೆ. ಇದು ಎಲ್ಲಿಂದ ಬಂತು ಎಂದು ಜನ ಕೇಳುತ್ತಲೇ ಇರುತ್ತಾರೆ. ಅವಳಿಗೆ ಗೊತ್ತಿರಬೇಕು. ಹೆಂಗಸಿನಿಂದ ಬಂದದ್ದು, ಹೆಂಗಸಿಗೇ ಹೋಗಲಿ.”

ಅವರು ತೀರಿಕೊಂಡ ಮರುದಿನವೇ ಮಣ್ಣಾಯಿತು. ಅವರಲ್ಲಿ ತಡ ಮಾಡುವುದಿಲ್ಲ. ಹೂವಿಲ್ಲ, ಹಾರವಿಲ್ಲ, ಸಾದಾ ಮರದ ಪೆಟ್ಟಿಗೆ. ನನ್ನ ಗಂಡನಿಗೆ ಸುಡುವ ಪದ್ಧತಿ ಅಭ್ಯಾಸ, ಅವನು ತಡವರಿಸಿದ. ನಮ್ಮ ಮನೆತನದಲ್ಲಿ ಹೂಳುವುದೇ ರೂಢಿ. ಮಣ್ಣು ಹಾಕುವುದು ನನಗೆ ಹೊಸದಲ್ಲ. ಆದರೆ ಯಹೂದಿಗಳಲ್ಲಿ ಒಬ್ಬರು ಮಣ್ಣು ಹಾಕಿ ಸಲಿಕೆಯನ್ನು ಇನ್ನೊಬ್ಬರ ಕೈಗೆ ಕೊಡುವುದಿಲ್ಲ, ಮಣ್ಣಿನಲ್ಲಿ ನೆಟ್ಟು ಸರಿಯುತ್ತಾರೆ. ದುಃಖವನ್ನು ಕೈಯಿಂದ ಕೈಗೆ ದಾಟಿಸಬಾರದೆಂದು. ಆಂಟಿಯ ಮನೆತನದವರು ಎಂದು ನಿಲ್ಲಲು ಅಲ್ಲಿ ಯಾರೂ ಇರಲಿಲ್ಲ. ಅವರ ಸಿನಗಾಗಿನ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದ, ಹಿರಿಯರೊಬ್ಬರು ನನ್ನನ್ನು ನೋಡಿ, “ನೀವು ಮೊದಲು” ಎಂದು ದಾರಿ ಬಿಟ್ಟರು. ಗುಡ್ಡದ ಗಾಳಿಯಲ್ಲಿ ಸೆರಗು ಬಿಗಿದು ಕಟ್ಟಿಕೊಂಡು, ಆ ಸಲಿಕೆ ಎತ್ತಿಕೊಂಡೆ.

ಹೆಸರು ಸೇರಿಸುವ ಅರ್ಜಿ ಹಾಕಿದ್ದು ಕೆಲವು ತಿಂಗಳ ನಂತರ. ಅದಕ್ಕೆ ಮುಂಚೆ ಅವ್ವನನ್ನೊಂದು ಮಾತು ಕೇಳಿದೆ. ನಮ್ಮ ಮನೆಯ ಹೆಸರಿಗಿಲ್ಲದ ಜಾಗ ಇದಕ್ಕೆ ಸಿಕ್ಕಿತೇ ಎಂದು ಬೈಯುತ್ತಾಳೇನೋ ಎಂಬ ಅಳುಕಿತ್ತು. ಹಾಸಿಗೆ ಮಾರುವ ಹೆಂಗಸಿನ ಕಥೆ ಹೇಳಿದೆ. ಅವ್ವ ಪೂರ್ತಿ ಕೇಳಿ, “ನಮ್ಮ ಮನಿ ಹೆಸರು ಓಣಿ ತುಂಬ ಐತಿ, ಅದಕ್ಕೇನಾಗಂಗಿಲ್ಲ. ಆ ತಾಯಿ ಹೆಸರು ಇಡವಾ” ಎಂದಳು.

ಈ ದೇಶದಲ್ಲಿ ಮಗುವಿಗೆ ಐದು ತುಂಬಿದೊಡನೆ ಶಾಲೆ ಶುರು. ಮಗಳ ಶಾಲೆಯಲ್ಲಿ ಹೊಸ ಮಕ್ಕಳನ್ನು ಬರಮಾಡಿಕೊಳ್ಳುವಾಗ ಇಲ್ಲಿನ ಮೂಲನಿವಾಸಿ ಮಾವೊರಿಗಳ ಪದ್ಧತಿಯಂತೆ ಮಕ್ಕಳೇ ಎದ್ದು ನಿಂತು ತಮ್ಮ ಪರಿಚಯ ಹೇಳಿಕೊಳ್ಳಬೇಕು. ಮೊದಲು ತನ್ನ ಬೆಟ್ಟ, ಆಮೇಲೆ ತನ್ನ ನೀರು, ಆಮೇಲೆ ಹಿರಿಯರು ಬಂದ ಊರು, ಎಲ್ಲಕ್ಕಿಂತ ಕೊನೆಗೆ ತನ್ನ ಹೆಸರು. ಮನೆಯಲ್ಲಿ ನಾವು ಬಹಳ ಅಭ್ಯಾಸ ಮಾಡಿಸಿದ್ದೆವು. ಅವಳು ಮನೆಯ ಹಿಂದಿನ ಗುಡ್ಡವನ್ನು ಹೇಳಿದಳು, ಕೆಳಗಿನ ಬಂದರನ್ನು ಹೇಳಿದಳು, ಗದಗ ಮೈಸೂರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಅಪ್ಪನ ಕಡೆ ನೋಡಿದಳು. ಕೊನೆಗೆ ತನ್ನ ಹೆಸರು ಹೇಳಿದಳು. ಮೊದಲನೆಯದು, ನಡುವಿನದು, ಕೊನೆಯದು, ಮೂರೂ, ಒಂದನ್ನೂ ನುಂಗದೆ.

ಟೀಚರು ಮುಂದೆ ಬಾಗಿ, ನಡುವಿನ ಹೆಸರು ಬಹಳ ಚೆನ್ನಾಗಿದೆ, ಎಲ್ಲಿಂದ ಬಂತು ಎಂದು ಕೇಳಿದರು. ನಾನು ಕುರ್ಚಿಯಲ್ಲಿ ಮುಂದಕ್ಕೆ ಸರಿದೆ. ಗಂಡ ನನ್ನ ಕೈ ಹಿಡಿದು ತಡೆದ.

ಮಗಳು ಎಂದಿನಂತೆ ಇಂಗ್ಲಿಷಿನಲ್ಲೇ ಹೇಳಿದಳು. “ಅದು ನಮ್ಮ ಆಂಟಿಯದು. ಅದಕ್ಕೆ ಮುಂಚೆ ಸಂತೆಯಲ್ಲಿ ಗರಿಯ ಹಾಸಿಗೆ ಮಾರುತ್ತಿದ್ದ ಒಬ್ಬ ಅಮ್ಮನದು. ಆಂಟಿ ಇರುವ ತನಕ ನಾನು ಮುಟ್ಟುವ ಹಾಗಿರಲಿಲ್ಲ. ಈಗ ನನ್ನದು.”

ಹೇಳಿ ಮುಗಿಸಿ ಚಾಪೆಯ ಮೇಲೆ ಕೂತಳು. ಮುಂದಿನ ಹುಡುಗ ತನ್ನ ಬೆಟ್ಟ ಹೇಳಲು ಎದ್ದ. ನಾನು ಕಣ್ಣು ಒರೆಸಿಕೊಂಡೆ. ಈ ದೇಶದಲ್ಲಿ ಆ ಹೆಸರಿನವರು ಈಗಲೂ ಒಬ್ಬರಿದ್ದಾರೆ.